ನೇಟಾಲ್ ಸೀಮೆಯೂ ಅದರ ಜನರೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನೇಟಾಲ್ ಎಂಬ ಹೆಸರನ್ನು ಕೇಳದವರು ವಿರಳ. ಮಹಾತ್ಮಾ ಗಾಂಧಿಯವರ ಚರಿತ್ರೆಯನ್ನು ಓದಿದವರಿಗೆಲ್ಲ ಡರ್ಬನ್ ರೇವೂ ಪೀಟರ್‌ಮಾರಿಟ್ಸ್‌ಬರ್ಗಿನ ರೈಲು ನಿಲ್ದಾಣವೂ ಪರಿಚಿತವಾದುವೇ ಸರಿ. ಆದರೆ ಆ ನಿಲ್ದಾಣವು ಎಂತಹ ನಾಡಿನ ನಡುವೆ ನಿಂತಿರುವುದು, ಅದರ ಸುತ್ತಣ ಗುಡ್ಡಗಳಲ್ಲಿ ಯಾರು ವಾಸಿಸುವರು, ಅವರು ಏನನ್ನು ಬೆಳೆದು ಏನನ್ನು ಉಣ್ಣುವರು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗಬೇಕಾಗುವುದು. ಒಂದೂವರೆ ಲಕ್ಷಕ್ಕೂ ಮೀರಿದ ನಮ್ಮ ದೇಶದವರು ಒಂದು ಕಾಲದಲ್ಲಿ ಹಡಗು ಹತ್ತಿ ಹೋದ ಸೀಮೆಯ ವಿಷಯವಾಗಿ ಇಷ್ಟು ಅಜ್ಞಾನವು ನಮಗೆ ತಕ್ಕುದಲ್ಲವೆಂದೆಣಿಸಿ ಈ ಕೆಲವು ಸಂಗತಿಗಳನ್ನು ವಾಚಕರ ಮುಂದಿಡಲು ಧೈರ್ಯಗೊಂಡಿರುವೆನು.

ಆಫ್ರಿಕಾ ಖಂಡದ ದಕ್ಷಿಣ ತುದಿಯನ್ನು ಬಳಸಿ ಪೂರ್ವ ತೀರವನ್ನು ಹಿಡಿದು ಉತ್ತರಕ್ಕೆ ಬರುವವರಿಗೆ, ದಕ್ಷಿಣ ಅಕ್ಷಾಂಶ ೩೧ ಡಿಗ್ರಿಯಿಂದ ಸುಮಾರು ೨೭ ಡಿಗ್ರಿಯವರೆಗೆ ಎಡಗಡೆಯಲ್ಲಿ ಕಾಣುವ ಹಸುರು ಸೀಮೆಯೇ ಇದು. ಈಗಿನ ಪೂರ್ಣ ಹೆಸರು ಕ್ವಾಜೂಲು-ನೇಟಾಲ್. ದಕ್ಷಿಣ ಆಫ್ರಿಕಾ ಗಣರಾಜ್ಯದ ಒಂಬತ್ತು ಪ್ರಾಂತಗಳಲ್ಲಿ ಇದೊಂದು. ಪೂರ್ವಕ್ಕೆ ಹಿಂದೂ ಮಹಾಸಾಗರವೂ, ಪಶ್ಚಿಮಕ್ಕೆ ಪರ್ವತಗಳಾಚೆ ಲೆಸೋಥೋ ರಾಜ್ಯವೂ, ಉತ್ತರಕ್ಕೆ ಮೊಜಾಂಬಿಕ್ ದೇಶವೂ, ಸ್ವಾಜಿಲ್ಯಾಂಡ್ ಎಂದು ನಾವು ಕಲಿತು ೨೦೧೮ರಿಂದ ಎಸ್ವಾಟಿನಿ ಎಂದು ಹೆಸರು ಬದಲಿಸಿಕೊಂಡಿರುವ ಪುಟ್ಟ ರಾಜ್ಯವೂ ಇರುವುವು. ವಿಸ್ತೀರ್ಣವು ಸುಮಾರು ೩೬,೪೦೦ ಚದರ ಮೈಲಿ. ಎಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಕಡಮೆ. ೨೦೨೨ರ ಜನಗಣತಿಯಂತೆ ಅಲ್ಲಿ ೧,೨೪,೨೩,೯೦೭ ಜನರಿದ್ದರು. ಇಡೀ ದೇಶದ ನೆಲದಲ್ಲಿ ಈ ಪ್ರಾಂತದ ಪಾಲು ಹದಿಮೂರರಲ್ಲೊಂದು, ಜನರಲ್ಲಾದರೋ ಐದರಲ್ಲೊಂದು. ನೆಲವು ಕಿರಿದಾಗಿ ಜನವು ಹಿರಿದಾಗಿರುವ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಅನೇಕ ಕಷ್ಟಗಳ ಕಾರಣವು ತಾನಾಗಿ ತಿಳಿದುಬರುವುದು.

ಹೆಸರಿನ ಕಥೆಯು ಸ್ವಾರಸ್ಯವಾದುದು. ೧೪೯೭ರ ಕ್ರಿಸ್ತ ಜಯಂತಿಯ ಸಮಯಕ್ಕೆ ವಾಸ್ಕೋ ಡ ಗಾಮನು ಈ ತೀರವನ್ನು ದೂರದಿಂದ ಕಂಡು, ಆ ಹಬ್ಬಕ್ಕೆ ತನ್ನ ಭಾಷೆಯಲ್ಲಿದ್ದ ಹೆಸರನ್ನೇ ಇದಕ್ಕಿಟ್ಟನೆಂದು ಹೇಳುವರು. ಅದೇ ಯಾತ್ರೆಯಲ್ಲಿ ಆತನು ೧೪೯೮ರ ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ಮುಟ್ಟಿ, ಹಿಂದಿರುಗುವಾಗ ನಮ್ಮ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತು ಮಾಡಿಕೊಂಡುದು ನಮ್ಮವರಿಗೆ ತಿಳಿದ ವಿಷಯ. ಆ ನೆಲದ ಮಕ್ಕಳಿಗೆ ಆ ಹೆಸರು ಮುನ್ನೂರು ವರುಷಗಳ ವರೆಗೆ ಗೊತ್ತೇ ಇರಲಿಲ್ಲವೆನ್ನಬಹುದು. ಅವರ ಭಾಷೆಯಲ್ಲಿ ಜೂಲು ಎಂದರೆ ಆಕಾಶ. ಕ್ವಾಜೂಲು ಎಂದರೆ ಜೂಲುಗಳ ಸ್ಥಳ. ಬಿಳಿಯರಿಟ್ಟ ಹೆಸರೂ ಕರಿಯರಿಟ್ಟ ಹೆಸರೂ ಒಂದಾಗಿ ಸೇರಿದುದು ೧೯೯೪ರಲ್ಲಿ. ಡರ್ಬನ್ ಪಟ್ಟಣಕ್ಕೂ ಹೀಗೆಯೇ ಎರಡು ಹೆಸರು. ಕೇಪ್ ಸೀಮೆಯ ಗವರ್ನರನಾಗಿದ್ದ ಸರ್ ಬೆಂಜಮಿನ್ ಡರ್ಬನನ ಹೆಸರನ್ನು ೧೮೩೫ರಲ್ಲಿ ಅದಕ್ಕಿಟ್ಟರು; ಜೂಲು ಜನರು ಮಾತ್ರ ಅದನ್ನು ಎಥೆಕ್ವಿನಿ, ಎಂದರೆ ಕೊಲ್ಲಿಯ ಊರು, ಎಂದು ಕರೆಯುವರು.

ಈ ನಾಡಿನ ಆಕಾರವನ್ನು ಮನಸ್ಸಿಗೆ ತಂದುಕೊಳ್ಳುವುದು ಘಟ್ಟದ ಕೆಳಗಿನ ನಮಗೆ ಕಷ್ಟವಲ್ಲ. ನಮ್ಮಲ್ಲಿ ಸಮುದ್ರವು ಪಶ್ಚಿಮಕ್ಕಿದ್ದು ಘಟ್ಟವು ಪೂರ್ವಕ್ಕಿರುವುದಷ್ಟೆ. ಅದನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿರಿ. ಸಮುದ್ರವನ್ನು ಪೂರ್ವಕ್ಕೂ ಘಟ್ಟವನ್ನು ಪಶ್ಚಿಮಕ್ಕೂ ಇಟ್ಟು, ಘಟ್ಟದ ಎತ್ತರವನ್ನು ಇಮ್ಮಡಿ ಮಾಡಿದರೆ ನೇಟಾಲ್ ಆಗುವುದು. ಈ ಹೋಲಿಕೆಯು ಬರಿಯ ಕಾಕತಾಳೀಯವಲ್ಲ. ಗೊಂಡ್ವಾನ ಎಂಬ ಪುರಾತನ ಮಹಾಖಂಡವು ಒಡೆದು ಭಾರತ, ಆಫ್ರಿಕಾ ಮುಂತಾದ ತುಂಡುಗಳಾದಾಗ ಉಳಿದ ಅಂಚುಗಳೇ ಸವೆದು ಸವೆದು ಈ ಬಗೆಯ ಘಟ್ಟಗಳಾದುವೆಂದು ಭೂಗರ್ಭಶಾಸ್ತ್ರಜ್ಞರ ಮತ. ನೇಟಾಲಿನ ಘಟ್ಟಕ್ಕೆ ಡಚ್ಚರು ಡ್ರಾಕೆನ್ಸ್‌ಬರ್ಗ್, ಎಂದರೆ ಘಟಸರ್ಪಗಳ ಪರ್ವತವೆಂದು ಹೆಸರಿಟ್ಟರು. ಜೂಲುಗಳ ಹೆಸರು ಉಖಾಹ್ಲಾಂಬಾ. ಈಟಿಗಳ ಬೇಲಿಯೆಂದು ಅದರ ಅರ್ಥ. ಕೆಳಗಡೆ ಹಳದಿಯ ಮರಳುಗಲ್ಲು, ಮೇಲುಗಡೆ ಸುಮಾರು ೧೮ ಕೋಟಿ ವರುಷಗಳ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಕರಿಗಲ್ಲು. ಆ ಕರಿಗಲ್ಲಿನ ಗೋಡೆಯು ಸಾಲುಸಾಲಾಗಿ ಮೊನಚಾಗಿ ನಿಂತಿರುವುದನ್ನು ಕಂಡವರಿಗೆ ಜೂಲು ಹೆಸರೇ ಹೆಚ್ಚು ಒಪ್ಪುವುದು. ಲೆಸೋಥೋ ಗಡಿಯ ಮೇಲಿರುವ ಮಫಾಡಿ ಶಿಖರವು ೧೧,೩೦೦ ಅಡಿಗಳಿಗೂ ಎತ್ತರವಾಗಿದ್ದು ದಕ್ಷಿಣ ಆಫ್ರಿಕಾ ದೇಶಕ್ಕೆಲ್ಲ ದೊಡ್ಡದು. ಚಳಿಗಾಲದಲ್ಲಿ, ಎಂದರೆ ನಮಗೆ ಮಳೆ ಸುರಿಯುವ ಜೂನ್ ಜುಲಾಯಿಗಳಲ್ಲಿ, ಈ ಶಿಖರಗಳ ಮೇಲೆ ಹಿಮವು ಬೀಳುವುದುಂಟು. ಮರಳುಗಲ್ಲಿನ ಗವಿಗಳಲ್ಲಿ ಸಾನ್ ಎಂಬ ಬೇಟೆಗಾರ ಜನರು ಬರೆದಿಟ್ಟ ಜಿಂಕೆ, ನೃತ್ಯ, ಬೇಟೆಗಳ ಚಿತ್ರಗಳು ಸಾವಿರಾರು ಇವೆ. ಬರೆದ ಆ ಜನಾಂಗವು ಹೊಸಬರ ತುಳಿತಕ್ಕೆ ಸಿಕ್ಕಿ ಅಲ್ಲಿಂದ ಹೆಚ್ಚುಕಡಮೆ ಅಳಿದುಹೋಯಿತು. ಯುನೆಸ್ಕೋ ಸಂಸ್ಥೆಯವರು ೨೦೦೦ದಲ್ಲಿ ಈ ಪರ್ವತಭಾಗವನ್ನು ಜಗತ್ತಿನ ಸ್ವತ್ತೆಂದು ಗಣಿಸಿದರು.

ಪರ್ವತದಿಂದ ಸಮುದ್ರಕ್ಕೆ ಇಳಿಯುವ ಹಾದಿಯಲ್ಲಿ ಹುಲ್ಲುಗಾವಲುಗಳ ನಡುನಾಡು ಸಿಕ್ಕುವುದು. ದನಕರುಗಳಿಗೂ ಜೋಳಕ್ಕೂ ತಕ್ಕ ನೆಲವದು. ಪ್ರಾಂತದ ರಾಜಧಾನಿಯಾದ ಪೀಟರ್‌ಮಾರಿಟ್ಸ್‌ಬರ್ಗ್ ಸಮುದ್ರದಿಂದ ೫೦ ಮೈಲಿ ಒಳಗೆ ಇಲ್ಲಿಯೇ ಇರುವುದು. ಇನ್ನೂ ಕೆಳಗೆ ಕರಾವಳಿಯ ಕಿರಿದಾದ ಪಟ್ಟಿ. ಉತ್ತರದಿಂದ ತೀರದ ಉದ್ದಕ್ಕೂ ಹರಿದುಬರುವ ಅಗುಲ್ಹಾಸ್ ಎಂಬ ಬಿಸಿನೀರಿನ ಸಮುದ್ರಪ್ರವಾಹದ ದೆಸೆಯಿಂದ ಇಲ್ಲಿ ಸೆಕೆಯೂ ತೇವವೂ ಹೆಚ್ಚು. ಬಾಳೆ, ಮಾವು, ಕಬ್ಬು ಚೆನ್ನಾಗಿ ಬೆಳೆಯುವುವು. ಮಳೆಯು ಅವರ ಬೇಸಗೆಯಾದ ಅಕ್ಟೋಬರಿನಿಂದ ಮಾರ್ಚಿನವರೆಗೆ. ಜೂನ್ ಜುಲಾಯಿಗಳಲ್ಲಿ ತೀರದ ನೀರು ತಣ್ಣಗಾದಾಗ ದಕ್ಷಿಣದಿಂದ ಕೋಟ್ಯಂತರ ಮೀನುಗಳು ಹಿಂಡುಗಟ್ಟಿ ಬರುವುವು. ನಮ್ಮ ಕರಾವಳಿಯ ಬೂತಾಯಿಗೆ ಇವು ದಾಯಾದಿಗಳು. ಆಗ ಊರಿಗೆ ಊರೇ ಬುಟ್ಟಿಗಳನ್ನು ಹಿಡಿದು ದಡಕ್ಕೆ ಓಡುವುದಂತೆ!

ನದಿಗಳಲ್ಲಿ ತುಗೇಲವೇ ಹಿರಿಯದು. ಅದು ಡ್ರಾಕೆನ್ಸ್‌ಬರ್ಗಿನ ಅಂಚಿನಿಂದ ಐದು ನೆಗೆತಗಳಲ್ಲಿ ಒಟ್ಟು ೩,೧೧೦ ಅಡಿಗಳಷ್ಟು ಕೆಳಕ್ಕೆ ಧುಮುಕುವುದು. ಈ ನದಿಯ ನೀರಿಗೆ ಈಗ ಇನ್ನೊಂದು ಕೆಲಸವುಂಟು. ಪರ್ವತದಾಚೆಯ ಜೋಹಾನ್ಸ್‌ಬರ್ಗಿನ ಸುತ್ತಣ ಗಣಿಗಳೂ ಕಾರ್ಖಾನೆಗಳೂ ಪಟ್ಟಣಗಳೂ ಬಾಯಾರಿರುವುದರಿಂದ, ೧೯೭೦ರ ದಶಕದಿಂದ ಯಂತ್ರಗಳ ಮೂಲಕ ತುಗೇಲದ ನೀರನ್ನು ಘಟ್ಟದ ಮೇಲಕ್ಕೆತ್ತಿ ವಾಲ್ ನದಿಯ ಕಡೆಗೆ ಸಾಗಿಸುತ್ತಿದ್ದಾರೆ. ಮೇಲಿಂದ ಕೆಳಗೆ ಹರಿಯುವ ನೀರು ಬೆಟ್ಟ ಹತ್ತಿ ಹೋಗುವ ಈ ವಿಚಿತ್ರವನ್ನು ಕಾಣುವ ನದೀತೀರದ ಕೆಲವು ಹಳ್ಳಿಗಳಲ್ಲಿ ಹೆಂಗಸರು ಇಂದಿಗೂ ತಲೆಯ ಮೇಲೆ ನೀರು ಹೊರುವರೆಂಬುದು ಯೋಚಿಸತಕ್ಕ ಮಾತು.

ನೇಟಾಲಿನ ಎಲ್ಲಾ ನದಿಗಳೂ ಗಿಡ್ಡವಾಗಿಯೂ ರಭಸವಾಗಿಯೂ ಇರುವುದರಿಂದ ಒಂದರಲ್ಲಾದರೂ ಹಡಗು ಒಳಗೆ ಹೋಗಲಾರದು. ಆದಕಾರಣ ಡರ್ಬನ್ ಕೊಲ್ಲಿಗೆ ಅಷ್ಟು ಮಹತ್ವ ಬಂದಿತು. ಆ ಕೊಲ್ಲಿಯ ಬಾಯಲ್ಲಿಯೂ ಮರಳ ದಿಬ್ಬವಿದ್ದು, ೧೯೦೪ರವರೆಗೂ ದೊಡ್ಡ ಹಡಗುಗಳು ಹೊರಗಡೆಯೇ ಲಂಗರು ಹಾಕಬೇಕಾಗಿತ್ತು. ಪ್ರಯಾಣಿಕರನ್ನು ಬೆತ್ತದ ಬುಟ್ಟಿಗಳಲ್ಲಿ ಕುಳ್ಳಿರಿಸಿ ಚಿಕ್ಕ ದೋಣಿಗಳಿಗೆ ಇಳಿಸುತ್ತಿದ್ದರು. ಈಗ ಅದು ಆಫ್ರಿಕಾ ಖಂಡದ ಅತ್ಯಂತ ದೊಡ್ಡ ರೇವುಗಳಲ್ಲೊಂದು. ಕಲ್ಲಿದ್ದಲನ್ನು ಹೊರದೇಶಗಳಿಗೆ ಕಳುಹಿಸುವುದಕ್ಕೆ ಉತ್ತರದ ರಿಚರ್ಡ್ಸ್ ಬೇ ಎಂಬಲ್ಲಿ ೧೯೭೬ರಲ್ಲಿ ಇನ್ನೊಂದು ಆಳವಾದ ಬಂದರವನ್ನು ತೆರೆದರು.

ಮಳೆಯು ಅನ್ನವನ್ನು ಕೊಡುವಂತೆಯೇ ಪ್ರಾಣವನ್ನೂ ಕೊಂಡೊಯ್ಯುವುದು. ೨೦೨೨ರ ಏಪ್ರಿಲಿನಲ್ಲಿ ಡರ್ಬನ್ ಸುತ್ತಮುತ್ತ ಕೆಲವೆಡೆ ಒಂದೇ ದಿವಸದಲ್ಲಿ ಹನ್ನೆರಡು ಅಂಗುಲಕ್ಕೂ ಮೀರಿ ಮಳೆ ಸುರಿಯಿತು. ೪೦೦ಕ್ಕಿಂತ ಹೆಚ್ಚು ಜನರು ಸತ್ತರು. ಸತ್ತವರಲ್ಲಿ ಬಹು ಮಂದಿ ಕಡಿದಾದ ಗುಡ್ಡಗಳ ಪಕ್ಕಗಳಲ್ಲಿಯೂ ಹೊಳೆಗಳ ದಂಡೆಗಳಲ್ಲಿಯೂ ತಗಡು ಹಲಗೆಗಳ ಗುಡಿಸಲು ಕಟ್ಟಿಕೊಂಡಿದ್ದವರು. ಒಳ್ಳೆಯ ನೆಲವೆಲ್ಲ ಬೇರೆಯವರ ಪಾಲಾದ ಮೇಲೆ ಬಡವನಿಗೆ ಉಳಿಯುವುದು ಇಂತಹ ಸ್ಥಳವೇ ಅಲ್ಲವೆ?

ಕಾಡುಮೃಗಗಳ ವಿಷಯವಾಗಿ ಎರಡು ಮಾತು ಸಾಕು. ಉತ್ತರದ ಹ್ಲುಹ್ಲುವೆ ಮತ್ತು ಇಂಫೊಲೋಜಿ ಅರಣ್ಯಗಳನ್ನು ೧೮೯೫ರಲ್ಲಿಯೇ ಕಾದಿಟ್ಟುದರಿಂದ, ಭೂಮಿಯ ಮೇಲಿಂದ ಮಾಯವಾಗಲಿದ್ದ ಬಿಳಿಯ ಖಡ್ಗಮೃಗದ ದಕ್ಷಿಣದ ತಳಿಯು ಉಳಿದುಕೊಂಡಿತು. ಇಂದು ಬೇರೆ ದೇಶಗಳಲ್ಲಿರುವ ಆ ತಳಿಯ ಪ್ರಾಣಿಗಳಿಗೂ ಇದೇ ಅರಣ್ಯವು ತವರುಮನೆ. ನೀರಾನೆ ಮೊಸಳೆಗಳಿಂದ ತುಂಬಿದ ಸೇಂಟ್ ಲೂಸಿಯ ಸರೋವರವೂ ಅದರ ತೀರಪ್ರದೇಶವೂ ೧೯೯೯ರಲ್ಲಿ ಜಗತ್ತಿನ ಸ್ವತ್ತುಗಳ ಪಟ್ಟಿಯನ್ನು ಸೇರಿದುವು.

ಇನ್ನು ಜನರು. ೨೦೧೧ರ ಗಣತಿಯಂತೆ ನೂರರಲ್ಲಿ ಸುಮಾರು ೮೭ ಮಂದಿ ಆಫ್ರಿಕದವರು, ೭ಕ್ಕೆ ಮೇಲ್ಪಟ್ಟು ಭಾರತೀಯ ಮೂಲದವರು, ೪ ಮಂದಿ ಬಿಳಿಯರು, ಉಳಿದವರು ಮಿಶ್ರ ವಂಶದವರು. ನೂರರಲ್ಲಿ ೭೮ ಮಂದಿಗೆ ಜೂಲು ತಾಯಿನುಡಿ. ಆ ನುಡಿಯಲ್ಲಿ ನಾಲಗೆಯಿಂದ ಲೊಚಗುಟ್ಟಿದಂತೆ ಕೇಳಿಸುವ ಕೆಲವು ಅಕ್ಷರಗಳಿವೆ. ಇವು ಸಾನ್ ಮತ್ತು ಖೋಯಿ ಜನರ ಭಾಷೆಗಳಿಂದ ಬಂದುವೆಂದು ಪಂಡಿತರು ಹೇಳುವರು. ಜೂಲು ಸೊಸೆಯು ಮಾವನ ಹೆಸರನ್ನು ಮಾತ್ರವಲ್ಲ, ಆ ಹೆಸರಿನ ಉಚ್ಚಾರವನ್ನು ಹೋಲುವ ಬೇರೆ ಮಾತುಗಳನ್ನೂ ಉಚ್ಚರಿಸದೆ ಬದಲು ಮಾತುಗಳನ್ನು ಬಳಸುವುದು ಹಳೆಯ ಸಂಪ್ರದಾಯ. ಗಂಡನ ಹೆಸರು ಹೇಳಲು ನಾಚುವ ನಮ್ಮ ಅಜ್ಜಿಯಂದಿರಿಗೆ ಇದು ವಿಚಿತ್ರವಾಗಿ ತೋರಲಾರದು. ಆದರೆ ಹೀಗೆ ಹೆಂಗಸರ ಬಾಯಲ್ಲಿ ಒಂದು ಬೇರೆ ಪದಕೋಶವೇ ಹುಟ್ಟಿಕೊಂಡುದು ಜೂಲು ಭಾಷೆಯ ವಿಶೇಷ.

ಚಿಕ್ಕ ಚಿಕ್ಕ ಪಂಗಡಗಳಾಗಿದ್ದ ಈ ಜನರನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಒಂದು ರಾಜ್ಯವಾಗಿ ಕಟ್ಟಿದವನು ಶಾಕ. ೧೮೨೮ರಲ್ಲಿ ಅವನ ಮಲಸಹೋದರರೇ ಅವನನ್ನು ಕೊಂದರು. ೧೮೩೮ರ ಡಿಸೆಂಬರ್ ೧೬ರಂದು ಎಂಕೋಮೆ ನದಿಯ ಬಳಿಯಲ್ಲಿ ಬಂಡಿಗಳನ್ನು ಕಟ್ಟಿಕೊಂಡು ಬಂದ ಡಚ್ ಮೂಲದ ಬೋಯರರು ಜೂಲು ಸೇನೆಯನ್ನು ಸೋಲಿಸಿದರು. ಅವರು ಸ್ಥಾಪಿಸಿದ ಗಣರಾಜ್ಯವನ್ನು ಇಂಗ್ಲಿಷರು ೧೮೪೩ರಲ್ಲಿ ನುಂಗಿದರು. ೧೮೭೯ರ ಜನವರಿ ೨೨ರಂದು ಇಸಾಂಡ್ಲ್‌ವಾನ ಗುಡ್ಡದ ಕೆಳಗೆ ಈಟಿಗಳನ್ನು ಹಿಡಿದ ಜೂಲುಗಳು ಇಂಗ್ಲಿಷರ ಕಡೆಯ ೧,೩೦೦ಕ್ಕೂ ಹೆಚ್ಚು ಜನರನ್ನು ಕೆಡವಿದರು. ಆದರೆ ಜುಲಾಯಿ ತಿಂಗಳಲ್ಲಿ ಅವರ ರಾಜಧಾನಿಯಾದ ಉಲುಂಡಿಯು ಸುಟ್ಟುಹೋಗಿ ರಾಜ್ಯವು ಮುರಿಯಿತು. ಯುದ್ಧಗಳ ಕಥೆಯನ್ನು ಹೆಚ್ಚು ಬೆಳೆಸಲೊಲ್ಲೆನು.

ಕರಾವಳಿಯಲ್ಲಿ ಕಬ್ಬು ಬೆಳೆಯುವುದೆಂದು ಬಿಳಿಯ ಧಣಿಗಳು ೧೮೫೦ರ ಸುಮಾರಿಗೆ ಕಂಡುಕೊಂಡರು. ಜೂಲುಗಳಿಗೆ ತಮ್ಮ ದನವೂ ಜೋಳವೂ ಇನ್ನೂ ಇದ್ದುದರಿಂದ ಅಲ್ಪ ಕೂಲಿಗಾಗಿ ವರುಷವಿಡೀ ತೋಟದಲ್ಲಿ ದುಡಿಯಲು ಅವರು ಒಪ್ಪಲಿಲ್ಲ. ಆಗ ಧಣಿಗಳ ಕಣ್ಣು ಭಾರತದ ಮೇಲೆ ಬಿದ್ದಿತು. ೧೮೬೦ರ ನವೆಂಬರ್ ೧೬ರಂದು ಮದ್ರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಡರ್ಬನನ್ನು ಮುಟ್ಟಿತು. ಅಲ್ಲಿಂದ ೧೯೧೧ರವರೆಗೆ ೧,೫೨,೧೮೪ ಮಂದಿ ಹೀಗೆ ಕರಾರಿನ ಕೂಲಿಗಳಾಗಿ ಬಂದರು. ಮೂರರಲ್ಲಿ ಎರಡು ಪಾಲು ಮದ್ರಾಸಿನಿಂದ ಹೊರಟ ತಮಿಳರೂ ತೆಲುಗರೂ. ಉಳಿದವರು ಕಲ್ಕತ್ತೆಯಿಂದ ಹಡಗೇರಿದ ಉತ್ತರದವರು. ಐದು ವರುಷಗಳ ಕರಾರು. ಮೊದಲ ವರುಷ ತಿಂಗಳಿಗೆ ಹತ್ತು ಶಿಲಿಂಗು ಸಂಬಳ. ಹೆಂಗಸರಿಗೆ ಅದರಲ್ಲಿ ಅರ್ಧ. ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಮೈಮೇಲಿನ ಗುರುತುಗಳನ್ನು ಬರೆದಿಟ್ಟ ಹಡಗಿನ ಪಟ್ಟಿಗಳು ಈಗಲೂ ಉಳಿದಿವೆ. ಮರಿಮಕ್ಕಳ ಮಕ್ಕಳು ಆ ಪಟ್ಟಿಗಳಲ್ಲಿ ತಮ್ಮ ಹಿರಿಯರ ಊರನ್ನು ಹುಡುಕುತ್ತಿರುವರು. ಊರಿನ ಹೆಸರನ್ನು ಬರೆದ ಗುಮಾಸ್ತನು ತನಗೆ ಕೇಳಿಸಿದಂತೆ ಬರೆದುದರಿಂದ ಎಷ್ಟೋ ಊರುಗಳು ಇನ್ನು ಯಾವ ಭೂಪಟದಲ್ಲಿಯೂ ಸಿಕ್ಕುವಂತಿಲ್ಲ.

ಕರಾರು ತೀರಿದ ಮೇಲೆ ಅನೇಕರು ಹಿಂದಿರುಗದೆ ಅಲ್ಲಿಯೇ ನೆಲವನ್ನು ಗೇಣಿಗೆ ಹಿಡಿದು ತರಕಾರಿ ಬೆಳೆದು ಮಾರತೊಡಗಿದರು. ಗುಜರಾತಿನ ವರ್ತಕರು ಸ್ವಂತ ಖರ್ಚಿನಿಂದ ಬಂದು ಅಂಗಡಿಗಳನ್ನಿಟ್ಟರು. ೧೯೦೪ರ ಗಣತಿಯ ಹೊತ್ತಿಗೆ ನೇಟಾಲಿನಲ್ಲಿ ಭಾರತೀಯರು ೧,೦೦,೯೧೮ ಇದ್ದರೆ ಬಿಳಿಯರು ೯೭,೧೦೯ ಇದ್ದರು. ಈ ಎರಡು ಅಂಕೆಗಳು ಒಂದನ್ನೊಂದು ಸಮೀಪಿಸುತ್ತ ಬಂದಂತೆಲ್ಲ ಬಿಳಿಯರ ಭಯವೂ ಬೆಳೆದು, ಒಂದರ ಹಿಂದೊಂದು ಕಠಿನ ಶಾಸನಗಳು ಹುಟ್ಟಿದುವು. ೧೮೯೫ರ ಶಾಸನವು ಕರಾರು ತೀರಿಯೂ ಉಳಿದುಕೊಳ್ಳುವವರಿಗೆ ವರುಷಕ್ಕೆ ೩ ಪೌಂಡು ತಲೆಗಂದಾಯವನ್ನು ಹೇರಿತು. ೧೯೦೩ರಲ್ಲಿ ಅದನ್ನು ಹದಿಮೂರು ದಾಟಿದ ಹುಡುಗಿಯರ ಮೇಲೂ ಹಾಕಿದರು. ನಮ್ಮ ಶಾಲೆಯ ಕೆಳಗಿನ ತರಗತಿಗಳ ವಯಸ್ಸಿನ ಮಕ್ಕಳೆಂದು ತಾಯಂದಿರು ನೆನೆಯಲಿ. ೧೯೧೩ರಲ್ಲಿ ಗಾಂಧಿಯವರ ಮುಂದಾಳುತನದಲ್ಲಿ ಎದ್ದ ಸತ್ಯಾಗ್ರಹದಲ್ಲಿ ಹೆಂಗಸರೇ ಮುಂದೆ ನಿಂತರು. ಟ್ರಾನ್ಸ್‌ವಾಲಿನಿಂದ ಗಡಿ ದಾಟಿ ಬಂದ ತಮಿಳು ಸ್ತ್ರೀಯರು ನ್ಯೂಕಾಸಲ್ಲಿನ ಕಲ್ಲಿದ್ದಲ ಗಣಿಗಳ ಕೂಲಿಗಳನ್ನು ಕೆಲಸ ನಿಲ್ಲಿಸುವಂತೆ ಪ್ರೇರಿಸಿದರು. ಕಸ್ತೂರಬಾ ಅವರು ಪೀಟರ್‌ಮಾರಿಟ್ಸ್‌ಬರ್ಗಿನ ಸೆರೆಮನೆಯಲ್ಲಿ ಮೂರು ತಿಂಗಳಿದ್ದರು. ೧೯೧೪ರಲ್ಲಿ ಆ ಕಂದಾಯವು ರದ್ದಾಯಿತು.

ಭಾರತೀಯರು ಪಟ್ಟ ಕಷ್ಟವನ್ನು ನಾವು ಹೇಳಿಕೊಳ್ಳುವಷ್ಟು ಆಫ್ರಿಕದವರ ಕಷ್ಟವನ್ನು ಹೇಳುವುದಿಲ್ಲ. ೧೯೦೬ರಲ್ಲಿ ಒಂದು ಪೌಂಡಿನ ತಲೆಗಂದಾಯಕ್ಕೆದುರಾಗಿ ಬಂಬಾಥನೆಂಬ ನಾಯಕನು ಎದ್ದಾಗ ಮೂರು ಸಾವಿರಕ್ಕೂ ಮೀರಿ ಜೂಲುಗಳು ಹತರಾದರು. ೧೯೧೩ರ ಭೂಶಾಸನವು ಇಡೀ ದೇಶದ ನೆಲದಲ್ಲಿ ನೂರಕ್ಕೆ ಸುಮಾರು ೭ ಪಾಲನ್ನು ಮಾತ್ರ ಆಫ್ರಿಕದವರಿಗೆ ಬಿಟ್ಟಿತು. ಗಂಡಸರು ಜೋಹಾನ್ಸ್‌ಬರ್ಗಿನ ಗಣಿಗಳಿಗೆ ದುಡಿಯಲು ಹೋದರು. ಹೆಂಗಸರೂ ಮುದುಕರೂ ಮಕ್ಕಳೂ ಸವೆದ ಗುಡ್ಡಗಳ ಮೇಲೆ ಉಳಿದರು. ಪ್ರಾಂತದ ಗಣತಿಯಲ್ಲಿ ಇಂದಿಗೂ ಗಂಡಸರಿಗಿಂತ ಹೆಂಗಸರು ಹೆಚ್ಚು.

ಇಬ್ಬರನ್ನೂ ತುಳಿದವರು ಒಬ್ಬರೇ ಆಗಿದ್ದರೂ ಇವರಿಬ್ಬರ ನಡುವೆ ಸ್ನೇಹವು ತಾನಾಗಿ ಬೆಳೆಯಲಿಲ್ಲ. ಆಫ್ರಿಕದವನಿಗೆ ಭಾರತೀಯನು ಕಂಡುದು ಹೆಚ್ಚಾಗಿ ಅಂಗಡಿಯ ಗಲ್ಲೆಯ ಹಿಂದೆ, ಇಲ್ಲವೆ ಬಾಡಿಗೆ ವಸೂಲು ಮಾಡುವ ಮನೆಯೊಡೆಯನಾಗಿ. ೧೯೪೯ರ ಜನವರಿಯಲ್ಲಿ ಡರ್ಬನಿನಲ್ಲಿ ಹೊತ್ತಿದ ಗಲಭೆಯಲ್ಲಿ ೧೪೨ ಮಂದಿ ಸತ್ತರು. ಮರುವರುಷವೇ ಬಂದ ವಾಸಸ್ಥಳಗಳ ಶಾಸನವು ಬಣ್ಣಬಣ್ಣದವರಿಗೆ ಬೇರೆ ಬೇರೆ ಕೇರಿಗಳನ್ನು ಗೊತ್ತುಮಾಡಿ, ನೆರೆಹೊರೆಯವರಾಗಿದ್ದವರನ್ನೂ ಬೇರ್ಪಡಿಸಿತು. ಭಾರತೀಯರಿಗೆ ಚಾಟ್ಸ್‌ವರ್ತ್, ಫೀನಿಕ್ಸ್. ಆಫ್ರಿಕದವರಿಗೆ ಉಮ್ಲಾಜಿ, ಕ್ವಾಮಾಶು. ಗಾಂಧಿಯವರು ೧೯೦೪ರಲ್ಲಿ ಸ್ಥಾಪಿಸಿದ ಫೀನಿಕ್ಸ್ ಆಶ್ರಮವು ೧೯೮೫ರ ಗಲಭೆಯಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಲ್ಪಟ್ಟಿತು. ೨೦೨೧ರ ಜುಲಾಯಿಯಲ್ಲಿ ದೇಶದಲ್ಲಿ ಲೂಟಿ ದೊಂಬಿಗಳೆದ್ದಾಗ ಅದೇ ಹೆಸರಿನ ಫೀನಿಕ್ಸ್ ಪೇಟೆಯಲ್ಲಿ ೩೬ ಮಂದಿ ಕೊಲೆಯಾದರು; ಅವರಲ್ಲಿ ಬಹುತೇಕರು ಆಫ್ರಿಕದವರು. ಕೊಂದ ಆರೋಪವನ್ನು ಹೊತ್ತವರಲ್ಲಿ ನಮ್ಮ ರಕ್ತದವರಿದ್ದರೆಂಬುದನ್ನು ಮುಚ್ಚಿಟ್ಟು ಈ ಪ್ರಾಂತದ ಕಥೆಯನ್ನು ಬರೆಯುವುದು ನ್ಯಾಯವಲ್ಲ.

ನೆಲದ ತಂಟೆಯು ಸ್ವಾತಂತ್ರ್ಯದಿಂದ ಮುಗಿಯಲಿಲ್ಲ. ೧೯೯೪ರಲ್ಲಿ ಪ್ರಾಂತದ ಸುಮಾರು ೨೮ ಲಕ್ಷ ಹೆಕ್ಟೇರುಗಳನ್ನು, ಎಂದರೆ ಮೂರರಲ್ಲೊಂದು ಪಾಲಿಗೆ ಸಮೀಪವಾದ ನೆಲವನ್ನು, ಇಂಗೊನ್ಯಾಮ ಟ್ರಸ್ಟಿಗೆ ಒಪ್ಪಿಸಿ ಜೂಲು ಅರಸನನ್ನು ಅದರ ಒಬ್ಬನೇ ಧರ್ಮದರ್ಶಿಯನ್ನಾಗಿ ಮಾಡಿದರು. ಈ ಟ್ರಸ್ಟು ತಲೆತಲಾಂತರದಿಂದ ಉಳುತ್ತ ಬಂದವರ ಹಕ್ಕುಗಳನ್ನು ವರುಷ ವರುಷ ಬಾಡಿಗೆ ಕೊಡುವ ಗುತ್ತಿಗೆಯಾಗಿ ಮಾರ್ಪಡಿಸಿದಾಗ, ಕೆಲವು ಹಳ್ಳಿಗರು ನ್ಯಾಯಾಲಯಕ್ಕೆ ಹೋದರು. ಹೊಲವನ್ನು ಉಳುವವರು ಬಹುಮಟ್ಟಿಗೆ ಹೆಂಗಸರಾದರೂ ಹಕ್ಕುಪತ್ರವು ಗಂಡಸಿನ ಹೆಸರಿನಲ್ಲಿರುತ್ತಿದ್ದುದರಿಂದ ವಿಧವೆಯರ ಸ್ಥಿತಿಯು ಇನ್ನೂ ದುಸ್ತರವಾಗಿತ್ತು. ೨೦೨೧ರ ಜೂನಿನಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ಉಚ್ಚ ನ್ಯಾಯಾಲಯವು ಆ ಗುತ್ತಿಗೆಗಳು ಶಾಸನಬಾಹಿರವೆಂದು ತೀರ್ಪಿತ್ತಿತು.

ರೋಗದ ಮಾತನ್ನೂ ಬಿಡುವಂತಿಲ್ಲ. ಏಡ್ಸ್ ರೋಗಾಣುವು ದೇಶದ ಎಲ್ಲಾ ಪ್ರಾಂತಗಳಿಗಿಂತ ಇಲ್ಲಿ ಹೆಚ್ಚಾಗಿ ಹರಡಿತು. ೨೦೧೭ರ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನವರಲ್ಲಿ ನಾಲ್ವರಲ್ಲಿ ಒಬ್ಬರಿಗೂ ಮೀರಿ ಅದು ಕಂಡುಬಂದಿತು. ತಾಯಿತಂದೆಗಳಿಲ್ಲದ ಮಕ್ಕಳನ್ನು ಅಜ್ಜಿಯಂದಿರು ಸಾಕಿದ ಮನೆಗಳು ಅಲ್ಲಿ ಲೆಕ್ಕವಿಲ್ಲದಷ್ಟು. ೨೦೦೪ರಿಂದ ಸರಕಾರವು ಧರ್ಮಾರ್ಥವಾಗಿ ಔಷಧವನ್ನು ಕೊಡತೊಡಗಿದ ಮೇಲೆ ಸಾವು ಇಳಿದು ಆಯುಷ್ಯವು ಮತ್ತೆ ಏರಿತು.

ನಮ್ಮಂತಹ ಶಾಲೆಯವರು ಕೇಳಿ ಸಂತೋಷಪಡತಕ್ಕ ಇನ್ನೊಂದು ಸ್ಥಳವು ಇಲ್ಲಿದೆ. ಡರ್ಬನಿಗೆ ಉತ್ತರದಲ್ಲಿರುವ ಇನಾಂಡ ಎಂಬಲ್ಲಿ ಅಮೆರಿಕನ್ ಮಿಶನಿನವರು ೧೮೬೯ರಲ್ಲಿ ಆಫ್ರಿಕದ ಹುಡುಗಿಯರಿಗಾಗಿ ವಸತಿಯುಳ್ಳ ಒಂದು ಶಾಲೆಯನ್ನು ತೆರೆದರು. ಮೊದಲ ಮುಖ್ಯೋಪಾಧ್ಯಾಯಿನಿ ಮೇರಿ ಎಡ್ವರ್ಡ್ಸ್ ಎಂಬ ವಿಧವೆ. ಬಲವಂತದ ಮದುವೆಗೆ ಒಪ್ಪದೆ ಮನೆಯಿಂದ ಓಡಿಬಂದ ಹುಡುಗಿಯರಿಗೆ ಆ ಶಾಲೆಯೇ ಆಶ್ರಯವಾದುದುಂಟು. ವರ್ಣಭೇದದ ಸರಕಾರವು ಆಫ್ರಿಕದವರ ಮಿಶನ್ ಶಾಲೆಗಳನ್ನು ಒಂದೊಂದಾಗಿ ಕೈವಶ ಮಾಡಿಕೊಂಡಾಗಲೂ ಇದು ಹೇಗೋ ಸ್ವತಂತ್ರವಾಗಿ ಉಳಿಯಿತು. ಅಲ್ಲಿ ಓದಿದ ನೊಕುಟೇಲ ಎಂಬಾಕೆಯು ಜಾನ್ ಡೂಬೆಯವರನ್ನು ಮದುವೆಯಾಗಿ, ಇಬ್ಬರೂ ಸೇರಿ ಹತ್ತಿರದ ಒಹ್ಲಾಂಗೆಯಲ್ಲಿ ಶಾಲೆಯನ್ನು ಕಟ್ಟಿದರು, ೧೯೦೩ರಲ್ಲಿ ಜೂಲು ಭಾಷೆಯ ಪತ್ರಿಕೆಯನ್ನು ಹೊರಡಿಸಿದರು. ಆಕೆಯು ಸಂಗೀತವನ್ನು ಕಲಿಸುತ್ತಿದ್ದಳು. ಡೂಬೆಯವರು ೧೯೧೨ರಲ್ಲಿ ಆಫ್ರಿಕದವರ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದರು. ನೆಲ್ಸನ್ ಮಂಡೇಲರು ೧೯೯೪ರ ಏಪ್ರಿಲ್ ೨೭ರಂದು ತಮ್ಮ ಜೀವಮಾನದ ಮೊದಲ ಮತವನ್ನು ಹಾಕಿದುದು ಇದೇ ಒಹ್ಲಾಂಗೆ ಶಾಲೆಯಲ್ಲಿ. ನೊಕುಟೇಲಳು ೧೯೧೭ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ತೀರಿಕೊಂಡಳು. ಆಕೆಯ ಸಮಾಧಿಯ ಮೇಲೆ ಹೆಸರು ಕೂಡ ಇರಲಿಲ್ಲ; ಹೆಸರು ಕೆತ್ತಿದ ಕಲ್ಲನ್ನು ಅಲ್ಲಿ ನಿಲ್ಲಿಸಿದುದು ೨೦೧೩ರಲ್ಲಿ.